ಕೌದಿಗೆ ಉಣಿಸಿದ ಬೆಲ್ಲ

ಇವತ್ತು ನಸುಕಿನ್ಯಾಗ ನಮ್ಮ ಮನಿಯಾಗ ಏನಾತು ಕೇಳ್ರೆಪಾ. ನನ್ನ ತಂಗಿನ್ನ ನೋಡಾಕ ಕುಕನೂರಿಂದ ಬಂದು ವಸ್ತಿ ಉಳಿದಿದ್ದ ಹುಡುಗನ ಅಪ್ಪ, ಪಡಸಾಲ್ಯಾಗ ಧೋತರ ಝಾಡಿಸ್ಕೋತ ಕುಣಿಯಾಕ ಹತ್ತಿದ್ರು! ನಿಜಾಮರ ಕಚೇರಿ ಕಾರಕೂನರು, ಬೈಗಳಾನೂ ಉರ್ದುದಾಗ.

ನೋಡಿದ್ರ ಮೈತುಂಬ ಕೆಂಪಿರುವಿ.

ಚಳಿ ಭಾಳ ಅಂತ ಅವರಿಗೆ ಅಜ್ಜಿ ಹಳೇ ಸೀರಿ ತುಂಡು ಕೂಡಿಸಿ ಹೊಲಿದ ಹೊಸಾ ಕೌದಿ ಕೊಟ್ಟಿದ್ವಿ. ಕೌದಿ ಹೊಟ್ಟಿ ಹಸಿದಿರಬಾರದಂತ ಮೂಲ್ಯಾಗ ಒಂದು ಚೂರು ರೊಟ್ಟಿ ಇಟ್ಟು ಹೊಲಿಯೂದು ನಮ್ಮ ಕಡೆ ಪದ್ಧತಿ. ಬೀಗರು ಹೊಚ್ಚಿಕೊಳ್ಳೂ ಕೌದಿ ಅಂತ ಈ ಸಲ ಅಜ್ಜಿ ಕೈ ಬಿಚ್ಚಿ ಬೆಲ್ಲಾನೂ ಇಟ್ಟಾಳ!

"ಏನವ್ವಾ ಇದು?" ಅಂತ ಅವರು ಒದರಿದ್ರು.

"ಕೌದಿ ಉಪಾಸ ಇರಬಾರದ್ರಿ," ಅಂದ್ಲು ಅಜ್ಜಿ.

"ಕೌದಿ ಬೆಲ್ಲ ಉಂಡ್ತು, ಇರುವಿ ನನ್ನ ಉಂಡವು!"

ಸಂಬಂಧ ಮುರೀತು ಅಂತ ನಮ್ಮಪ್ಪ ತಲಿ ಮ್ಯಾಲೆ ಕೈ ಹೊತ್ತು ಕುಂತ. ಅಷ್ಟರಾಗ ತಂಗಿ ಎಳ್ಳು ಹಚ್ಚಿದ ಬಿಸಿ ಸಜ್ಜಿ ರೊಟ್ಟಿ, ಬೆಣ್ಣಿ ತಂದು ಮುಂದಿಟ್ಲು. ಅವರು ಒಂದು ಕೈಲೆ ಕೆರಕೋತ, ಇನ್ನೊಂದು ಕೈಲೆ ಉಂಡ್ರು. ಈ ಚಳಿಯಾಗ ಸಜ್ಜಿ ರೊಟ್ಟಿ ಮುಂದ ಯಾರ ಸಿಟ್ಟು ಎಷ್ಟೊತ್ತು ನಿಂತೀತು?

"ಹುಡುಗಿ ನಮಗ ಒಪ್ಪಿಗಿ ಐತಿ," ಅಂದ್ರು ಕಡೀಕೆ. "ಬಳುವಳಿ ಏನರ ಕೊಡ್ರಿ, ಕೌದಿ ಮಾತ್ರ ಬ್ಯಾಡ."

ಅಜ್ಜಿ ಆಗಲೇ ಹಳೇ ಸೀರಿ ಹರಕೊಂಡು ಕುಂತಾಳ. ಮದುವಿ ಕೌದಿಗೆ ಬರೇ ಬೆಲ್ಲ ಇಟ್ರ ಮರ್ಯಾದಿ ಅಲ್ಲಂತ, ಹೋಳಿಗಿನ ಇಡಬೇಕಂತ.