ಬರೆಯದೆ ಬಿಟ್ಟ ಬಾಣ

ಕಳೆದ ಮಂಗಳವಾರ ಮಧ್ಯಾಹ್ನ ಎರಡಕ್ಕೆ ಐದು ನಿಮಿಷವಿರುವಾಗ ಜೇಬಿನಿಂದ ಸೀಮೆಸುಣ್ಣ ತೆಗೆದೆ. ಮತ್ತೆ ಜೇಬಿಗೇ ಹಾಕಿಕೊಂಡೆ. ಅಷ್ಟೇ. ಅದರಿಂದ ಮೂವತ್ತೆಂಟು ಪೀಸ್ ಗುಜರಿಗೆ ಹೋದವು.

ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ನನ್ನದು ಡ್ರಿಲ್ಲಿಂಗ್ ಮಷಿನ್, ಬೆಳಗಿನ ಶಿಫ್ಟ್. ಇರುವುದು ಎರಡೇ ಶಿಫ್ಟ್. ಎರಡು ಗಂಟೆಗೆ ಅದೇ ಮಷಿನ್‌ಗೆ ಸೆಲ್ವಿ ಅಕ್ಕ ಬರುತ್ತಾರೆ. ನಮ್ಮಲ್ಲೊಂದು ಹಳೆಯ ರೂಢಿ: ಮಷಿನ್ ತಕರಾರು ಮಾಡಿದರೆ, ಮನೆಗೆ ಹೊರಟವರು ಅದರ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹೋಗಬೇಕು. ಕನ್ನಡ, ತಮಿಳು, ತೆಲುಗು, ಯಾವುದಾದರೂ ಸರಿ. ಇಲ್ಲವೇ ಕೆಟ್ಟ ಭಾಗದತ್ತ ಒಂದು ಬಾಣ. (ಬಾಣಕ್ಕೆ ಅನುವಾದ ಬೇಕಿಲ್ಲ.)

ಆಮೇಲೆ ಗೋಡೆಗೆ ‘ಬೆಸ್ಟ್ ಶಿಫ್ಟ್’ ಬೋರ್ಡ್ ಬಂತು. ರಿಜೆಕ್ಟ್ ಕಡಿಮೆಯಾದ ಶಿಫ್ಟ್‌ಗೆ ಕಪ್. ಎಣಿಸಿ ಡೈರಿಯಲ್ಲಿ ಬರೆದಿಡುವುದು ನನ್ನ ಚಟ. ಬೋರ್ಡ್ ಬರುವ ಹಿಂದಿನ ವಾರ ನಮ್ಮ ಮಷಿನ್ ಮೇಲೆ ಒಂಬತ್ತು ಬರಹ. ಬಂದ ವಾರ ನಾಲ್ಕು. ಮುಂದಿನ ವಾರ ಸೊನ್ನೆ. ಮಷಿನ್ ಏನೂ ಸುಧಾರಿಸಿರಲಿಲ್ಲ.

ಮಂಗಳವಾರ ಪೀಸನ್ನು ಹಿಡಿದಿಡುವ ಕ್ಲಾಂಪ್ ಸಡಿಲವಾಗುತ್ತಿತ್ತು. ಆಗಾಗ ಬಿಗಿ ಮಾಡದಿದ್ದರೆ ತೂತು ಪಕ್ಕಕ್ಕೆ ಸರಿಯುತ್ತದೆ. ಬರೆಯಲು ಹೋದೆ. ಪಕ್ಕದ ಮಷಿನ್‌ನ ಮುನಿಯಪ್ಪಣ್ಣ ತಡೆದರು.

“ಸುಮ್ಕಿರ್ಲಾ. ಆ ಶಿಫ್ಟ್‌ನೋರು ನಮ್ಗೆ ಯೋಳ್ತಾರಾ? ಕಪ್ಪೂ ನೀನೇ ಒಯ್ದು ಕೊಟ್ಬುಡು, ದೊಡ್ಡ ಧರ್ಮರಾಯ!”

ಸೀಮೆಸುಣ್ಣ ಜೇಬಿಗೆ ಹಾಕಿಕೊಂಡೆ. ಮನೆಗೆ ಹೋಗುವ ಬಾಗಲೂರಿನ ಬಸ್ಸಿನಲ್ಲಿ ಡೈರಿ ತೆಗೆದು ‘ಕ್ಲಾಂಪ್ ಸಡಿಲ’ ಎಂದು ಬರೆದೆ. ಅದನ್ನು ಅಲ್ಲಿ ಯಾರು ಓದಬೇಕು?

ಸೆಲ್ವಿ ಅಕ್ಕ ಇನ್ನೂ ಟ್ರೈನಿ. ಈ ತಿಂಗಳು ಪರ್ಮನೆಂಟ್ ಆಗಬೇಕಿತ್ತು. ಮೂವತ್ತೆಂಟು ರಿಜೆಕ್ಟ್ ಅವರ ಹೆಸರಿಗೆ ಬಿತ್ತು. ಪರ್ಮನೆಂಟ್ ಆರು ತಿಂಗಳು ಮುಂದಕ್ಕೆ ಹೋಯಿತು.

ಗುರುವಾರ ಕಪ್ ನಮಗೆ ಬಂತು. ಅದೇ ದಿನ ಶಿಫ್ಟ್ ಬದಲಾಗುವಾಗ ಎಲ್ಲರನ್ನೂ ಗೇಟಿನ ಬಳಿ ನಿಲ್ಲಿಸಿ ರಾಷ್ಟ್ರೀಯ ಏಕತೆಯ ಪ್ರತಿಜ್ಞೆ ಮಾಡಿಸಿದರು. ನಾನೂ ಸೆಲ್ವಿ ಅಕ್ಕನೂ ಅಕ್ಕಪಕ್ಕ, ಕೈ ಮುಂದೆ ಚಾಚಿಕೊಂಡು. ಮುಗಿದ ಮೇಲೆ ಅವರು ಕೇಳಿದರು.

“ತಂಬಿ, ಕ್ಲಾಂಪ್ ಲೂಸಾಗೋದು ನಿಂಗೆ ಮೊದ್ಲೇ ತಿಳ್ದಿತ್ತಾ?”

“ಇಲ್ಲಕ್ಕ.”

“ಅದೇ ಅಂದ್ಕೊಂಡೆ. ತಿಳ್ದಿದ್ರೆ ನೀನು ಬರೀದೆ ಇರ್ತಿದ್ಯಾ?”

ಸ್ಪರ್ಧೆ ಬೇಡ ಎನ್ನುತ್ತಿಲ್ಲ. ನಮ್ಮೂರ ಹತ್ತಿರದ ರಾಜ್ಯ ಗಡಿಯ ಆಚೆಗೊಂದು ಸರ್ಕಾರ, ಈಚೆಗೊಂದು ಸರ್ಕಾರ. ಹೊಸ ಫ್ಯಾಕ್ಟರಿ ತಮಗೇ ಬರಲಿ ಎಂದು ಎರಡೂ ಓಡುತ್ತವೆ. ಓಡಲಿ. ಆದರೆ ಪಕ್ಕದವರು ಜಾರಲಿ ಎಂದು ಕಾಯುವುದೇ ಓಟವಾದರೆ, ವರ್ಷಕ್ಕೊಮ್ಮೆ ಕೈ ಚಾಚಿ ಹೇಳಿದ ಮಾತು ದೇಶವನ್ನು ಎಷ್ಟು ದಿನ ಹಿಡಿದಿಟ್ಟೀತು? ಆ ಮಂಗಳವಾರ ನಮ್ಮ ಫ್ಯಾಕ್ಟರಿಯ ಲಾರಿ ಮೂವತ್ತೆಂಟು ಪೀಸ್ ಕಡಿಮೆ ಹೊತ್ತು ಹೋಯಿತು. ಲಾರಿಗೆ ಯಾವ ಶಿಫ್ಟ್? ಇದನ್ನೆಲ್ಲ ಡೈರಿಯಲ್ಲಿ ಬರೆದೂ ಬರೆದೂ ಸಾಕಾಗಿದೆ.

ಶನಿವಾರ ಬೆಳಿಗ್ಗೆ ಮಷಿನ್ ಬಾಗಿಲ ಮೇಲೆ ಒಂದು ಬಾಣವಿತ್ತು, ಸೋರುತ್ತಿದ್ದ ಎಣ್ಣೆ ಪೈಪಿನತ್ತ. ಕೆಳಗೆ ತಮಿಳಿನಲ್ಲಿ ‘ತಂಬಿ, ಜೋಪಾನ’ ಎಂಬರ್ಥದ ಎರಡು ಪದ. ಪೈಪು ಬಿಗಿದೆ. ಆ ದಿನ ನನ್ನ ರಿಜೆಕ್ಟ್ ಸೊನ್ನೆ. ಬೋರ್ಡಿನಲ್ಲಿ ಮತ್ತೆ ನಾವೇ ಮುಂದೆ.

ಸೂಪರ್‌ವೈಸರ್‌ಗೆ ನಿಜ ಹೇಳಿದರೆ ಆ ಮೂವತ್ತೆಂಟು ಅಕ್ಕನ ಹೆಸರಿನಿಂದ ಇಳಿಯಬಹುದು. ‘ಹೇಳಬೇಕು’ ಎಂದು ಡೈರಿಯಲ್ಲಿ ಮೂರು ಸಲ ಬರೆದಿದ್ದೇನೆ. ಡೈರಿಯಲ್ಲಿ ಬರೆಯುವುದು ಎಷ್ಟು ಸುಲಭ, ಅಲ್ಲವೇ?