ಅಮ್ಮಿಣಿಗೆ ಕುದುರೆಮೆಂತೆ

ಗೋಣಿಚೀಲದ ಬಾಯಿ ಬಿಚ್ಚಿದ ಕೂಡಲೇ ಎಡಪ್ಪಳ್ಳಿಯ ನಮ್ಮ ಫ್ಲ್ಯಾಟಿನ ಬಾಲ್ಕನಿಯ ತುಂಬ ಚಹದ ಪುಡಿಗೂ ಹಸಿ ಬಟಾಣಿಗೂ ನಡುವಿನದೊಂದು ವಾಸನೆ ಹರಡಿತು. ಒಳಗಿದ್ದದ್ದು ಒಣಗಿಸಿದ ಕುದುರೆಮೆಂತೆ; ಕಾನ್ವೆಂಟಿನಲ್ಲಿ ಬಾಟನಿ ಕಲಿಸಿದ ಸಿಸ್ಟರ್ ಬಾಯಲ್ಲಿ ಲೂಸರ್ನ್, ಮಗಳ ಹೆಲ್ತ್ ಮ್ಯಾಗಜೀನುಗಳಲ್ಲಿ ಆಲ್ಫಾಲ್ಫಾ. ಮೈಸೂರಿನ ನನ್ನ ತಮ್ಮ ತನ್ನ ಹಸುಗಳಿಗೆಂದು ಬೆಳೆದದ್ದರಲ್ಲಿ ಪಾಲು ತೆಗೆದು, ರೈಲಿನಲ್ಲಿ ಬರುವವರ ಕೈಯಲ್ಲಿ ಕಳಿಸಿದ್ದ. ಈ ವಯಸ್ಸಿನಲ್ಲಿ ಮೇವು ತರಿಸುವ ಹೆಂಗಸನ್ನು ಕಂಡು ನೀವು ನಗುವುದಾದರೆ ನಗಿ. ಮೊಮ್ಮಗಳು ಅಂದೇ ನಕ್ಕಾಗಿದೆ, ಅದೂ ಮಲಯಾಳದಲ್ಲಿ.

ಮೇವು ಹಿಂದಿನ ಕಾಂಪೌಂಡಿನ ಏಲಿಯಮ್ಮನ ಹಸು ಅಮ್ಮಿಣಿಗೆ. ಏಲಿಯಮ್ಮ ನನ್ನನ್ನು ಚೇಚಿ ಎನ್ನುತ್ತಾಳೆ, ನಾನೂ ಆಕೆಯನ್ನು ಚೇಚಿ ಎನ್ನುತ್ತೇನೆ. ಅಕ್ಕನ ಪಟ್ಟವನ್ನು ಹೀಗೆ ಗೋಡೆಯಾಚೆಗೆ ಎಸೆಯುತ್ತಿರುವುದರಲ್ಲಿ ಇಬ್ಬರಿಗೂ ಸಮಾಧಾನ. ಕರು ಹಾಕಿದ ಮೇಲೆ ಅಮ್ಮಿಣಿ ಸೊರಗಿ, ಪಕ್ಕೆಲುಬು ಕಾಣುವಂತಾಗಿ, ಹಾಲು ಕುಗ್ಗಿತ್ತು. ಏಲಿಯಮ್ಮನಿಗೋ ಮಂಡಿನೋವು. ಆಕೆಯ ಮಗ ಆಲುವದಿಂದ ದಲ್ಲಾಳಿಯನ್ನು ಕರೆತಂದ. ಆತ ಹಸುವಿನ ಬೆನ್ನ ಮೇಲೆ ಕೈಯಾಡಿಸಿ, ಇಂಥದ್ದನ್ನು ಸಾಕುವವರು ಕೊಳ್ಳುವುದಿಲ್ಲ, ಕೊಂಡರೆ ಕಟುಕರೇ ಎಂದು ಹೇಳಿ ಹೋದ. ನಾನು ತಮ್ಮನಿಗೆ ಫೋನ್ ಮಾಡಿದ್ದು ಅಂದು ಸಂಜೆಯೇ. ಮೈತುಂಬಿಕೊಂಡರೆ ಅಮ್ಮಿಣಿ ಇಲ್ಲೇ ಉಳಿಯುತ್ತಾಳೆಂದು ನಾನು ತಿಳಿದಿದ್ದೆ.

ಭತ್ತದ ಹುಲ್ಲು ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ. ಕುದುರೆಮೆಂತೆಯಲ್ಲಿ ಪ್ರೋಟೀನ್ ಧಾರಾಳ, ಹಾಲಿಗೆ ಬೇಕಾದ ಕ್ಯಾಲ್ಸಿಯಂ ಧಾರಾಳ. ಆದರೆ ಸತ್ವದ ಬಹುಪಾಲು ಇರುವುದು ಎಲೆಯಲ್ಲಿ. ಹೂ ಮೂಡತೊಡಗಿದಾಗಲೇ ಕೊಯ್ಯಬೇಕು. ತಡಮಾಡಿದರೆ ಕಾಂಡ ಕಟ್ಟಿಗೆಯಾಗುತ್ತದೆ. ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ಒರಟಾಗಿ ಎತ್ತಿದರೆ ಎಲೆಯೆಲ್ಲ ನೆಲದ ಪಾಲಾಗಿ, ಕೈಗೆ ಬರುವುದು ಬರೀ ಕಡ್ಡಿ. ಇನ್ನು ಹಸಿಯದನ್ನು ಖಾಲಿ ಹೊಟ್ಟೆಯಲ್ಲಿ ಯಥೇಚ್ಛ ತಿಂದರೆ ಹೊಟ್ಟೆಯುಬ್ಬರಿಸಿ ಹಸುವಿನ ಪ್ರಾಣಕ್ಕೇ ಸಂಚಕಾರ. ಒಳ್ಳೆಯದಕ್ಕೂ ಒಂದು ಡೋಸ್ ಇದೆಯೆಂಬುದು ಅಕ್ಕರೆ ಹೆಚ್ಚಾದವರಿಗೆ ಯಾಕೋ ತಡವಾಗಿ ತಿಳಿಯುತ್ತದೆ. ಇಲ್ಲೇ ಬೆಳೆಯೋಣವೆಂದರೆ ಈ ನಾಡಿನ ಹುಳಿಮಣ್ಣೂ ಜಡಿಮಳೆಯೂ ಅದಕ್ಕೆ ಒಗ್ಗವು; ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಕಂಡ ಕಂಡಲ್ಲಿ ಬೇರೂರುವುದು ಎಲ್ಲ ಜೀವಕ್ಕೂ ಆಗುವ ಮಾತಲ್ಲ. ಅದೇ ದಿನಗಳಲ್ಲಿ ಮಗಳಿಗೆ ಬ್ಯಾಂಕಿನಲ್ಲಿ ತಿರುವನಂತಪುರಕ್ಕೆ ಟ್ರಾನ್ಸ್‌ಫರ್ ಆಗಿ, ನಮ್ಮ ಮನೆಯ ಸಾಮಾನು ಕಟ್ಟುವ ಕೆಲಸ ಶುರುವಾಗಿದ್ದರಿಂದ ನನಗೆ ಈ ಸಂಗತಿ ತುಸು ಹೆಚ್ಚೇ ನಾಟಿತು.

ಭತ್ತದ ಹುಲ್ಲಿನೊಂದಿಗೆ ಬೆರೆಸಿ ಮೊದಲು ಹಿಡಿಯಷ್ಟು, ಆಮೇಲೆ ಬೊಗಸೆಯಷ್ಟು ಕೊಟ್ಟೆವು. ಓಣಂ ಹೊತ್ತಿಗೆ ಅಮ್ಮಿಣಿಯ ಮೈ ಮಿರುಗಿತು, ಹಾಲೂ ಏರಿತು. ಒಂದು ಬೆಳಿಗ್ಗೆ ಗೋಡೆಯಾಚೆ ಇಣುಕಿದರೆ ಕೊಟ್ಟಿಗೆ ಬರಿದು; ಕರುವೂ ಇಲ್ಲ. ಹತ್ತಾರು ಹಸು ಸಾಕಿದ ಮನೆಯವರೊಬ್ಬರು ಬಂದು, ನೋಡಿ ಮೆಚ್ಚಿ ಕರೆದೊಯ್ದರಂತೆ. ಇಷ್ಟೆಲ್ಲ ಮಾಡಿದ್ದು ಉಳಿಸಿಕೊಳ್ಳಲಿಕ್ಕಲ್ಲವೇ ಎಂದು ನಾನು ಕೇಳಿದಾಗ ನನ್ನ ದನಿಯಲ್ಲಿ ಸಿಟ್ಟಿತ್ತು. ಏಲಿಯಮ್ಮ ಪೊರಕೆ ಗೋಡೆಗೊರಗಿಸಿ ಮಲಯಾಳದಲ್ಲಿ ಹೇಳಿದ್ದನ್ನು ನನ್ನ ಕನ್ನಡದಲ್ಲಿ ಬರೆಯುತ್ತೇನೆ.

“ಉಳಿಸಿಕೊಳ್ಳೋಕೆ ನನ್ನ ಮಂಡಿ ಎಲ್ಲಿದೆ ಚೇಚಿ? ಸೊರಗಿದ್ದಾಗ ಹೋಗಿದ್ರೆ ಕತ್ತಿಗೆ ಹೋಗ್ತಿದ್ಲು. ಈಗ ಒಂದು ಮನೆಗೆ ಹೋದ್ಲು.”

ಹಾಗಾದರೆ ಆಕೆ ಮೊದಲಿನಿಂದಲೂ ಬೀಳ್ಕೊಡಲೆಂದೇ ಮೇವು ಹಾಕಿದ್ದಳು, ನಾನು ಕಟ್ಟಿಹಾಕಲೆಂದು. ಮೇವಿಗೆ ಈ ವ್ಯತ್ಯಾಸ ಗೊತ್ತಿಲ್ಲ. ಅದು ತನ್ನ ಕೆಲಸ ಮಾಡಿತ್ತು.

ಹೊಸ ಊರಿನ ಯೋಚನೆಯಲ್ಲಿ ನನಗೆ ಕೆಲವು ವಾರಗಳಿಂದ ಊಟ ಸೇರುತ್ತಿರಲಿಲ್ಲ. ಅದನ್ನು ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ. ಏಲಿಯಮ್ಮ ಗೋಡೆಯ ಮೇಲಿಂದ ನನ್ನ ಮಣಿಕಟ್ಟನ್ನು ಹಿಡಿದು, ಸಡಿಲವಾಗಿದ್ದ ಬಳೆಯನ್ನು ಮೊಳಕೈವರೆಗೂ ಜಾರಿಸಿ ನೋಡಿದಳು. ಆಮೇಲೆ ಕುಂಟುತ್ತ ಒಳಗೆ ಹೋಗಿ, ಬೇಯಿಸಿದ ಮರಗೆಣಸಿನ ತಟ್ಟೆ ತಂದು ಗೋಡೆಯ ಮೇಲಿಟ್ಟಳು.

“ತಿನ್ನಿ,” ಎಂದಳು. “ತಿರುವನಂತಪುರದವರೂ ನೋಡಿ ಮೆಚ್ಚಬೇಕಲ್ಲ.”