ಗೋಧಿ ತಿನ್ನುವ ವ್ರತ

ಗೋಧಿಯ ಚಪಾತಿ ಹರಿಯುವ ಮುನ್ನ ಕೂದಲೆಳೆಯಷ್ಟು ಹಿಗ್ಗುತ್ತದೆ. ಆ ಸಂಜೆ ನನ್ನ ತಟ್ಟೆಯಲ್ಲಿದ್ದದ್ದು ಹಿಗ್ಗದೆ, ಒಣಗಿದ ಎಲೆಯಂತೆ ಮುರಿಯಿತು. ಇಂಥ ಕ್ಷುಲ್ಲಕ ಸಂಗತಿಯನ್ನು ಗಮನಿಸುವವಳು ಒಂದೋ ಹೊಸ ಸೊಸೆಯ ಅತ್ತೆಯಾಗಿರಬೇಕು, ಇಲ್ಲವೇ ನನ್ನ ಹಾಗೆ ಮರುದಿನ ಹಾಸನದ ಆಸ್ಪತ್ರೆಗೆ ಹೋಗಿ ರಕ್ತ ಕೊಡಬೇಕಾದವಳಾಗಿರಬೇಕು.

ಕೆಲವು ವರ್ಷಗಳಿಂದ ನನ್ನ ಹೊಟ್ಟೆ ನನ್ನ ಅಧೀನದಲ್ಲಿರಲಿಲ್ಲ. ಉಬ್ಬರ, ಭೇದಿ, ಕಬ್ಬಿಣದ ಮಾತ್ರೆ ನುಂಗಿದರೂ ಏರದ ರಕ್ತ; ಕೆಲಸ ಮಾಡುವ ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಗ್ರಂಥಾಲಯದ ಮೆಟ್ಟಿಲು ಹತ್ತಿದರೆ ಏದುಸಿರು. ಅರಕಲಗೂಡಿನ ಚಿಕ್ಕಮ್ಮ ದೃಷ್ಟಿ ಎಂದರು, ಸಹೋದ್ಯೋಗಿಗಳು ಮನಸ್ಸಿನ ಕಾಯಿಲೆ ಎಂದರು, ಎರಡನೆಯದನ್ನು ನಾನೂ ಅರ್ಧ ನಂಬಿದ್ದೆ. ಕೊನೆಗೆ ಹಾಸನದ ವೈದ್ಯೆಯೊಬ್ಬರು ಸೀಲಿಯಾಕ್ ಇರಬಹುದೆಂದು, ಅಂದರೆ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ನನ್ನ ಸಣ್ಣ ಕರುಳನ್ನು ಸವೆಸುತ್ತಿರಬಹುದೆಂದು ಶಂಕಿಸಿದರು. ಮೊದಲು ರಕ್ತಪರೀಕ್ಷೆ, ಅದು ಹೌದೆಂದರೆ ಗಂಟಲಿನಿಂದ ಕೊಳವೆ ಇಳಿಸಿ ಕರುಳಿನ ಚೂರೊಂದನ್ನು ತೆಗೆದು ನೋಡುವುದು. ಆದರೆ ಅಲ್ಲಿಯವರೆಗೆ ದಿನವೂ ಗೋಧಿ ತಿನ್ನಲೇಬೇಕು. ಬಿಟ್ಟರೆ ಕರುಳು ಚೇತರಿಸಿಕೊಳ್ಳುತ್ತದೆ, ರಕ್ತದಲ್ಲಿನ ಗುರುತು ಅಳಿಸುತ್ತದೆ, ಇರುವ ರೋಗ ಇಲ್ಲವೆಂದು ಬರುತ್ತದೆ.

ಬಿಡುವ ವ್ರತಗಳನ್ನು ನೀವೂ ಮಾಡಿರುತ್ತೀರಿ. ನನ್ನದು ತಿನ್ನುವ ವ್ರತ, ಅದೂ ಮುದ್ದೆಯ ಸೀಮೆಯಲ್ಲಿ. ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ರಾತ್ರಿ ಚಪಾತಿ ತಿನ್ನುವವರೆಂದರೆ ಸಕ್ಕರೆ ಕಾಯಿಲೆಯವರು. ನಮ್ಮ ಅಡುಗೆಮನೆಯಿಂದ ದಿನವೂ ಚಪಾತಿಯ ವಾಸನೆ ಬಂದದ್ದೇ, ಪಕ್ಕದ ಮನೆಯ ಜಯಮ್ಮ ನನ್ನನ್ನು ಗೇಟಿನ ಬಳಿ ನಿಲ್ಲಿಸಿ, ದನಿ ತಗ್ಗಿಸಿದರು: “ಈ ವಯಸ್ಗೇ ಸುಗರ್ ಬಂದ್ಬುಡ್ತಾ ಮಗ? ಮದ್ವೆ ಆಗಗಂಟ ಯಾರ್ಗೂ ಯೋಳ್ಬ್ಯಾಡ ಕಣವ್ವ.” ನನ್ನ ಕರುಳಿನ ವಿಚಾರವನ್ನು ಬೀದಿಗೆ ಬಿಡುವುದಕ್ಕಿಂತ ಸಕ್ಕರೆಯೇ ಮೇಲೆನಿಸಿ, ತಲೆಯಾಡಿಸಿ ಒಳಗೆ ಬಂದೆ.

ಮೊದಲ ವಾರಗಳು ಘೋರವಾಗಿದ್ದವು. ಊಟ ಮುಗಿಸಿ ಗೋಡೆಗೆ ಒರಗಿ ಮೊಣಕಾಲು ಹೊಟ್ಟೆಗೆ ಒತ್ತಿಕೊಂಡು ಕೂರುತ್ತಿದ್ದೆ. ಚಪಾತಿ ಬೇಯಿಸಿ ಬಡಿಸುತ್ತಿದ್ದ ಅವ್ವ ನೋಡುತ್ತಿದ್ದಳು. ಆಮೇಲೆ, ಕಾರಣ ತಿಳಿಯದೆ, ನೋವು ಇಳಿಯತೊಡಗಿತು. ಮೊದಲು ಸಂತೋಷವಾಯಿತು, ಹಿಂದೆಯೇ ನಾಚಿಕೆಯೂ ಆಯಿತು. ಗೋಧಿ ತಿಂದೂ ಹೊಟ್ಟೆ ಸುಮ್ಮನಿದೆಯೆಂದರೆ ಇಷ್ಟು ವರ್ಷದ ಸಂಕಟ ನಿಜಕ್ಕೂ ಮನಸ್ಸಿನದೇ ಇರಬೇಕು ಎಂದು ತರ್ಕಿಸಿದೆ. ಸಾರಿನಲ್ಲಿ ನೆನೆಸಿ ಎರಡು ತುತ್ತಿಗೆ ಮುಗಿಸುವವಳಿಗೆ ತಾನು ತಿನ್ನುತ್ತಿರುವುದೇನೆಂದು ತಿಳಿಯುವುದಾದರೂ ಹೇಗೆ? ಆ ಸಂಜೆ ಸಾರು ಇನ್ನೂ ಕುದಿಯುತ್ತಿತ್ತು. ಹಾಗಾಗಿ ಚಪಾತಿಯನ್ನು ಒಣದಾಗಿಯೇ ಮುರಿದೆ.

“ಅವ್ವ, ಇದು ಗೋಧೀದಾ?”

ಅವಳು ಸಾರು ತಿರುವುತ್ತಲೇ ಇದ್ದಳು. ಮೊದಲು ಗೋಧಿಹಿಟ್ಟಿಗೆ ಒಂದು ಹಿಡಿ ಅಕ್ಕಿಹಿಟ್ಟು ಬೆರೆಸಿದಳಂತೆ, ಬರಬರುತ್ತಾ ಹೆಚ್ಚಿಸಿದಳಂತೆ. ಈಗ ಬರೀ ಅಕ್ಕಿಹಿಟ್ಟು, ಬಣ್ಣಕ್ಕೆ ಒಂದಿಷ್ಟು ರಾಗಿ.

“ನೀ ಒಟ್ಟೆ ಇಡ್ಕಂಡು ಕುಂತಿರಾದ್ ನೋಡ್ಕಂಡು, ಅದ್ನೇ ಬೇಯ್ಸಿ ಇಕ್ಕಕೆ ನನ್ ಕೈಲಾಗ್ನಿಲ್ಲ ಕಣವ್ವ,” ಎಂದಳು. “ಆಗಲ್ಲ ಅಂತ ಗೊತ್ತಿದ್ದೂ ಯಾವ್ ತಾಯಿ ಇಕ್ತಾಳೆ?”

ನಮ್ಮಲ್ಲಿ ಕಾಯಿಲೆಯವರಿಗೆ ಆಗದ್ದನ್ನು ಬಿಡಿಸಿ ಗಂಜಿ ಕಾಯಿಸುವುದೇ ಆರೈಕೆ. ಆ ಆರೈಕೆಯೇ ನನ್ನ ಪರೀಕ್ಷೆಯನ್ನು ಕೆಡಿಸಿತ್ತು. ನಾಳೆ ಸುಮ್ಮನೆ ಹೋಗಿ ರಕ್ತ ಕೊಟ್ಟರೆ ಏನೂ ಇಲ್ಲವೆಂಬ ಫಲಿತಾಂಶ ಬರಬಹುದು, ಎಲ್ಲರಿಗೂ ಸಮಾಧಾನವಾಗಬಹುದು, ನನ್ನ ಕರುಳು ಮಾತ್ರ ಹೆಸರಿಲ್ಲದೆ ಸವೆಯುತ್ತಲೇ ಇರಬಹುದು. ನೋವಿಗೂ ತನ್ನ ಸಾಕ್ಷ್ಯ ನುಡಿಯಲು ಅವಕಾಶ ಬೇಕು ಎಂದು ನನಗೆ ಅನ್ನಿಸಿದ್ದು ಆಗ. ಅದನ್ನು ಅವ್ವನಿಗೆ ಈ ಭಾಷೆಯಲ್ಲಿ ಹೇಳುವಂತಿರಲಿಲ್ಲ. “ಕಾಯ್ಲೆ ಹೆಸರು ಗೊತ್ತಾದ್ರೆ ಆಮೇಲೆ ಪೂರ್ತಿ ಬಿಡ್ತೀನಿ ಅವ್ವ. ಗೊತ್ತಾಗೋಗಂಟ ನೀನೂ ತಡ್ಕೋಬೇಕು,” ಎಂದಷ್ಟೇ ಹೇಳಿದೆ. ಅವಳು ಒಲೆ ಆರಿಸಿದಳು. ತಲೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡಿ, ನಡೆದದ್ದನ್ನು ಇದ್ದ ಹಾಗೆ ತಿಳಿಸಿ, ವೈದ್ಯೆ ಹೇಳಿದಂತೆ ಪರೀಕ್ಷೆಯನ್ನು ಮುಂದಕ್ಕೆ ಹಾಕಿಸಿದೆ. ಆಮೇಲೆ ಗೋಧಿ ರವೆ ಹುರಿದು ನಾನೇ ಉಪ್ಪಿಟ್ಟು ಮಾಡಿ, ಅವ್ವನನ್ನು ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಅವಳು ನೋಡುತ್ತಿರುವಂತೆಯೇ ತಟ್ಟೆ ಖಾಲಿ ಮಾಡಿದೆ.